ಗುಡಾರದ ಬೆನ್ನಿಗೊಂದು ಗೋಡೆ

ರೇಕಾಬನ ವಂಶದವರು ಮನೆ ಕಟ್ಟುತ್ತಿರಲಿಲ್ಲ, ಬೀಜ ಬಿತ್ತುತ್ತಿರಲಿಲ್ಲ, ದ್ರಾಕ್ಷಾರಸ ಮುಟ್ಟುತ್ತಿರಲಿಲ್ಲ. ಇರುವಷ್ಟು ದಿನ ಗುಡಾರದಲ್ಲೇ ಬಾಳಬೇಕೆಂದು ಅವರ ಹಿರಿಯ ಯೋನಾದಾಬ ಹೇಳಿಹೋಗಿದ್ದ. ಬಾಬೆಲಿನ ಅರಸನ ದಂಡು ನಾಡಿಗೆ ನುಗ್ಗಿದಾಗ ಅವರೆಲ್ಲ ತಮ್ಮ ಬಯಲು ಬಿಟ್ಟು ಯೆರೂಸಲೇಮಿನ ಕೋಟೆಯೊಳಗೆ ಓಡಿಬಂದರು. ಅವರಲ್ಲಿ ಹೊಗ್ಲಾ ಎಂಬ ಮುದುಕಿಯೂ ಅವಳ ಸೊಸೆ ಮಿಲ್ಕಾಳೂ ಇದ್ದರು.

ಪಟ್ಟಣದ ಬೀದಿಗೆ ಕಲ್ಲು ಹಾಸಿತ್ತು. ಗೂಟ ಇಳಿಯಲಿಲ್ಲ. ಗುಡಾರದ ಅಂಚಿನ ಮೇಲೆ ಕಲ್ಲು ಹೇರಿ ನಿಲ್ಲಿಸಿಕೊಂಡರು. "ಈಗ ಮೇಕೆಗಳು ನೀರಿಗಿಳಿಯುವ ಹೊತ್ತು" ಎಂದು ಹೊಗ್ಲಾ ದಿನವೂ ತನ್ನಷ್ಟಕ್ಕೆ ಹೇಳಿಕೊಳ್ಳುವಳು.

ಚಳಿ ಬಂತು. ಮುದುಕಿಗೆ ಕೆಮ್ಮು ಹತ್ತಿತು. ಮಿಲ್ಕಾ ಗಾಳಿಯ ಮಗ್ಗುಲಿಗೆ ಇನ್ನೊಂದು ಸಾಲು ಕಲ್ಲಿಟ್ಟಳು, ಮರುದಿನ ಮತ್ತೊಂದು. ಒಂದು ಬೆಳಿಗ್ಗೆ ಹೊಗ್ಲಾ ಅಲ್ಲಿ ಕೈಯೂರಿದರೆ ಬೆರಳಿಗೆ ಹಸಿಮಣ್ಣು ಅಂಟಿತು.

"ಮಿಲ್ಕಾ, ಕಲ್ಲಿನ ನಡುವೆ ಮಣ್ಣು ಮೆತ್ತಿದವರು ಯಾರು?"

"ನಾನೇ ಅತ್ತೆ. ಸಂದಿಯಲ್ಲಿ ಗಾಳಿ ನುಗ್ಗುತ್ತಿತ್ತು."

"ಬರಿ ಕಲ್ಲಾದರೆ ಅದು ಗುಡಾರದ ಭಾರ. ಮಣ್ಣು ಮೆತ್ತಿದರೆ ಗೋಡೆ ಕಣೇ!"

ಮಿಲ್ಕಾ ನಾಲಿಗೆ ಕಚ್ಚಿಕೊಂಡಳು. ಗುಡಾರದಲ್ಲೇ ಹುಟ್ಟಿದವಳು, ಗೋಡೆ ಶುರುವಾಗುವುದು ಹೇಗೆಂದು ಪಾಪ, ಅವಳಿಗೇನು ಗೊತ್ತು?

ಪಕ್ಕದ ಮನೆಯ ಪೆನಿನ್ನಾ ಬಾಗಿಲಲ್ಲಿ ನಿಂತು ನಕ್ಕಳು. "ಇರಲಿ ಬಿಡು ದೊಡ್ಡಮ್ಮ. ನಿಮ್ಮ ಯೋನಾದಾಬ ಸತ್ತು ಇನ್ನೂರು ವರ್ಷ ಮೀರಿತು. ಎದ್ದು ಬಂದು ನೋಡುತ್ತಾನೆಯೇ?"

"ಬದುಕಿದ್ದರೆ ಹೋಗಿ ಜಗಳವಾಡಿ ಅಪ್ಪಣೆ ತರುತ್ತಿದ್ದೆ ತಾಯಿ. ಸತ್ತವನ ಮಾತನ್ನು ಬದಲಿಸಿಕೊಡಿ ಎಂದು ಯಾರನ್ನು ಕೇಳಲಿ?"

"ಕೆಮ್ಮಿ ಕೆಮ್ಮಿ ಸಾಯುತ್ತೀಯ, ನೋಡು!"

"ಸತ್ತೇನು. ಆದರೆ ಗೋಡೆ ಎದ್ದರೆ ಸೂರು ಬೇಕೆನಿಸುತ್ತದೆ, ಸೂರಾದರೆ ಬಾಗಿಲು. ಆಮೇಲೆ ದಂಡು ಹಿಂದಿರುಗಿದರೂ ನಮಗೆ ಹೊರಡಲು ಮನಸ್ಸು ಬಾರದು. ನನಗೆ ನಮ್ಮ ಬಯಲಿಗೆ ಹೋಗಬೇಕಮ್ಮ."

ಅತ್ತೆ ಸೊಸೆ ಸೇರಿ ಕಲ್ಲು ಬಿಡಿಸಿದರು, ಮಣ್ಣು ಕೆರೆದು ಆಚೆ ಸುರಿದರು. ಗಾಳಿ ನೇರವಾಗಿ ಒಳಗೆ ಬಂತು. ಹೊಗ್ಲಾ ಕಣ್ಣು ಮುಚ್ಚಿ ಅದಕ್ಕೆ ಮುಖವೊಡ್ಡಿದಳು.

"ನಮ್ಮ ಕಡೆಯಿಂದ ಬರುವ ಗಾಳಿ ಇದು" ಎಂದಳು. ಮರುಗಳಿಗೆಯೇ ಕೆಮ್ಮು ಒತ್ತರಿಸಿತು.

ಮಿಲ್ಕಾ ಗಾಳಿಗೆ ತನ್ನ ಬೆನ್ನು ಕೊಟ್ಟು ಅತ್ತೆಗೆ ಅಡ್ಡವಾಗಿ ಕೂತಳು.

ನೀತಿ: ಹಿರಿಯರಿಗೆ ಕೊಟ್ಟ ಮಾತು ಒಂದೇ ಏಟಿಗೆ ಮುರಿಯುವುದಿಲ್ಲ, ಸಣ್ಣ ಸಣ್ಣ ಸೌಕರ್ಯಗಳ ಕೆಳಗೆ ಮರೆತುಹೋಗುತ್ತದೆ. ಸರಳ ಬಾಳನ್ನು ಆರಿಸಿಕೊಂಡವರು ಚಳಿಯನ್ನೂ ಹಂಚಿಕೊಳ್ಳಬೇಕು.