ಬಡಿಸುವ ಕೈ

“ಪ್ರೀತಿಗೆ ಲೆಕ್ಕ ಉಂಟೇ, ಬುದ್ಧಿ?”

ಬಳೆ ಅಂಗಡಿಯ ಮಹಾಲಿಂಗಪ್ಪ ಮಠದ ಜಗಲಿಯ ಮೇಲೆ ಕೂತು ಗುರುಗಳನ್ನು ಹೀಗೆ ಕೇಳಿದ. ಅವನ ಮಗನಿಗೆ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತ್ತು. ಊರಿಗೆಲ್ಲ ಸಕ್ಕರೆ ಹಂಚಿದ್ದ. ಆದರೂ ಮುಖ ಗಂಟು ಹಾಕಿಕೊಂಡಿದ್ದ.

“ಏನಾಯಿತಪ್ಪಾ?” ಎಂದರು ಗುರುಗಳು.

“ಇರೋನು ಒಬ್ಬ ಮಗ. ಕೈಗೆ ಬಂದಿದ್ದನ್ನೆಲ್ಲ ಅವನಿಗೇ ಕಳಿಸೋಣ ಅಂತೀನಿ ನಾನು. ನನ್ನ ಹೆಂಡತಿ ಬೆರಳು ಮಡಿಸ್ತಾ ಕೂತ್ಕೋತಾಳೆ. ಕಾಲೇಜಿಗೆ ಇಷ್ಟು, ಅವನ ಊಟಕ್ಕೆ ಇಷ್ಟು, ನಮ್ಮಿಬ್ಬರಿಗೆ ಇಷ್ಟು, ಆಪತ್ತಿಗೆ ಇಷ್ಟು ಅಂತ. ಹೆತ್ತವಳು ಹೀಗೆ ಮಾಡ್ತಾಳಾ ಬುದ್ಧಿ? ಬೆಳಿಗ್ಗೆ ಬೈದೇ ಬಂದಿದೀನಿ. ನಿನ್ನದು ಕರುಳಲ್ಲ, ತಕ್ಕಡಿ ಅಂದೆ.”

ಗುರುಗಳು ನಕ್ಕರು. “ಮಾತೇನೋ ಚೆನ್ನಾಗಿ ಆಡುತ್ತೀಯ. ಕೂತುಕೋ, ಒಂದು ಕತೆ ಹೇಳುತ್ತೇನೆ” ಎಂದು ಶುರು ಮಾಡಿದರು.

ಒಂದೂರಿನಲ್ಲಿ ಒಬ್ಬ ಅಡಿಗೆಯವನಿದ್ದ. ಮದುವೆ ಮನೆಗಳಲ್ಲಿ ಅಡಿಗೆ ಮಾಡುವುದು ಅವನ ಕಸುಬು. ಅಡಿಗೆಗಿಂತ ಹೆಚ್ಚಾಗಿ ಅವನು ಹೆಸರಾಗಿದ್ದದ್ದು ಬಡಿಸುವುದಕ್ಕೆ. ಎಷ್ಟು ದೊಡ್ಡ ಪಂಕ್ತಿಯಾದರೂ ಸೌಟು ಹಿಡಿದು ತಾನೇ ಇಳಿಯುತ್ತಿದ್ದ. ಉಣ್ಣುವವರು ಸಾಕು ಸಾಕು ಎಂದು ಎರಡು ಕೈಯನ್ನೂ ಎಲೆಯ ಮೇಲೆ ಅಡ್ಡ ಹಿಡಿದರೆ ಬೆರಳಿನ ಸಂದಿಯಲ್ಲೇ ಪಾಯಸ ಸುರಿಯುತ್ತಿದ್ದ. ಅವನ ಪಂಕ್ತಿಯಲ್ಲಿ ಉಂಡವರು ಏಳಬೇಕಾದರೆ ಪಕ್ಕದವರ ಹೆಗಲು ಹಿಡಿದುಕೊಳ್ಳಬೇಕಾಗಿತ್ತು. ಅದರಲ್ಲಿ ಅವನಿಗೆ ಬಹಳ ಹೆಮ್ಮೆ. ಸಾಕು ಅನ್ನುವ ಮಾತಿಗೆ ತನ್ನ ಕೈ ಯಾವತ್ತೂ ನಿಂತಿಲ್ಲ ಎಂದು ಹೇಳಿಕೊಳ್ಳುತ್ತಿದ್ದ.

ಅವನಿಗೆ ಒಬ್ಬಳೇ ಮಗಳು. ಓದಿನಲ್ಲಿ ಚುರುಕು. ದನಕರುಗಳ ವೈದ್ಯೆಯಾಗಬೇಕು ಎಂದು ಹಟ ಹಿಡಿದು ವಿಶ್ವವಿದ್ಯಾಲಯಕ್ಕೆ ಸೇರಿದಳು. ಐದು ವರ್ಷದ ಓದು. ವರ್ಷಕ್ಕೊಮ್ಮೆ ಆಷಾಢದಲ್ಲಿ ಶುಲ್ಕ ಕಟ್ಟಬೇಕು. ಗಡುವು ತಪ್ಪಿದರೆ ಹೆಸರು ಹೊಡೆದುಹಾಕುತ್ತಾರೆ. ಇನ್ನು ಅವಳ ಊಟ, ವಸತಿ ತಿಂಗಳು ತಿಂಗಳು ನಡೆಯಬೇಕು.

ಅಡಿಗೆಯವನ ಸಂಪಾದನೆ ಎಂಥದ್ದು ಎಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ ಮಹಾಲಿಂಗಪ್ಪ. ಮದುವೆಯ ಕಾಲದಲ್ಲಿ ನಿನ್ನ ಅಂಗಡಿಯಲ್ಲೂ ಕಾಲಿಡಲು ಜಾಗವಿರುವುದಿಲ್ಲ. ಆಷಾಢದಲ್ಲಿ ನೀನು ನೊಣ ಹೊಡೆಯುತ್ತಾ ಕೂತಿರುತ್ತೀಯ. ಅವನದೂ ಅದೇ ಬದುಕು. ಮುಹೂರ್ತವಿದ್ದರೆ ಕೈ ತುಂಬ ದುಡ್ಡು. ಆಷಾಢ, ಪಿತೃಪಕ್ಷ, ಧನುರ್ಮಾಸ ಬಂದರೆ ಒಲೆ ತಣ್ಣಗೆ.

ಮೊದಲ ವರ್ಷ ಅವನು ಮಗಳಿಗೂ ಪಂಕ್ತಿಯಲ್ಲಿ ಕೂತವರಿಗೆ ಬಡಿಸಿದ ಹಾಗೆಯೇ ಬಡಿಸಿದ. ಒಂದು ಮದುವೆ ಮುಗಿಸಿ ಬಂದರೆ ಅದರ ಕೂಲಿಯಷ್ಟನ್ನೂ ಅವಳಿಗೇ ಕಳಿಸಿಬಿಡುತ್ತಿದ್ದ. ಮಗಳು ಬೇಡ ಎಂದರೂ ಕೇಳುತ್ತಿರಲಿಲ್ಲ. ಧನುರ್ಮಾಸ ಬಂತು. ಕಳಿಸಲು ಅವನ ಹತ್ತಿರ ಏನೂ ಇರಲಿಲ್ಲ. ಮೊದಲು ಕಳಿಸಿದ್ದರಲ್ಲಿ ಉಳಿದಿರಬಹುದು ಎಂದು ಸುಮ್ಮನಾದ. ಹದಿನೆಂಟು ತುಂಬದ ಹುಡುಗಿಯ ಕೈಯಲ್ಲಿ ಹಬ್ಬದ ದುಡ್ಡು ಎಷ್ಟು ದಿನ ಉಳಿಯುತ್ತದೆ?

ಸಂಕ್ರಾಂತಿಗೆ ಮಗಳು ಮನೆಗೆ ಬಂದಳು. ತಾಯಿ ಎಳ್ಳು ಬೆಲ್ಲ ಕೊಡಲು ಅವಳ ಕೈ ಹಿಡಿದಳು. ಮಣಿಕಟ್ಟಿನಲ್ಲಿ ನಿಲ್ಲಬೇಕಾದ ಬಳೆ ಮೊಣಕೈವರೆಗೆ ಜಾರಿತು.

“ಏನೇ ಇದು? ಊಟ ಮಾಡ್ತಿಲ್ಲವಾ?” ಎಂದಳು ತಾಯಿ.

ಮಗಳು ನಗುತ್ತಲೇ ಹೇಳಿದಳು, “ಅಪ್ಪ ಕಳಿಸಿದಾಗ ಹಬ್ಬ ಕಣಮ್ಮಾ, ಕಳಿಸದೇ ಇದ್ದಾಗ ಏಕಾದಶಿ.”

ತಾಯಿ ನಗಲಿಲ್ಲ. ಎಳ್ಳಿನ ತಟ್ಟೆ ಕೆಳಗಿಟ್ಟು ಗಂಡನ ಹತ್ತಿರ ಹೋದಳು. “ಇನ್ನು ಮೇಲೆ ದುಡಿಯೋದು ನಿಮ್ಮದು. ಬಡಿಸೋದು ನನ್ನದು” ಎಂದಳು.

ಅಡಿಗೆಯವನಿಗೆ ತಮಾಷೆ ಅನ್ನಿಸಿತು. “ಲೇ, ಬಡಿಸೋದು ನನ್ನ ಕಸುಬು. ನೀನು ನನಗೆ ಹೇಳಿಕೊಡ್ತೀಯಾ?”

“ನೀವು ಬಡಿಸೋದು ಒಂದು ದಿನದ ಊಟ. ಉಂಡು ಎದ್ದು ಹೋದವರು ನಾಳೆ ಏನು ತಿಂತಾರೆ ಅಂತ ಯಾವತ್ತಾದರೂ ಯೋಚನೆ ಮಾಡಿದೀರಾ? ಮನೇಲಿ ಬಡಿಸೋಳು ನಾನು. ನಾಳೆ ಬೆಳಿಗ್ಗೆ ಒಲೆ ಮುಂದೆ ಕೂರೋಳೂ ನಾನೇ.”

ಸಾವಿರ ಎಲೆಗೆ ಎಷ್ಟು ಅಕ್ಕಿ ಬೇಕು ಎಂದು ನಿದ್ದೆಗಣ್ಣಿನಲ್ಲೂ ಹೇಳಬಲ್ಲವನು ಒಂದು ಎಲೆಗೆ ವರ್ಷಕ್ಕೆ ಎಷ್ಟು ಬೇಕು ಎಂಬುದನ್ನು ಯೋಚಿಸಿಯೇ ಇರಲಿಲ್ಲ.

ಅವತ್ತಿನಿಂದ ಆಕೆ ಪ್ರತಿ ಮದುವೆಯ ಕೂಲಿಯನ್ನೂ ಪಾಲು ಮಾಡತೊಡಗಿದಳು. ಮೊದಲ ಪಾಲು ಆಷಾಢದ ಶುಲ್ಕಕ್ಕೆ. ಅದನ್ನು ಕಟ್ಟದಿದ್ದರೆ ಎಲೆಯೇ ಇಲ್ಲ, ಇನ್ನು ಬಡಿಸುವುದೆಲ್ಲಿ? ಆಮೇಲೆ ಮಗಳ ಊಟಕ್ಕೆ. ಅದು ಮುಹೂರ್ತವಿದ್ದರೂ ಇಲ್ಲದಿದ್ದರೂ ತಿಂಗಳು ತಿಂಗಳು ಒಂದೇ ಅಳತೆ. ಆಮೇಲೆ ಗಂಡ ಹೆಂಡಿರಿಬ್ಬರ ಊಟಕ್ಕೆ. ಇಲ್ಲಿ ಗಂಡ ತಕರಾರು ಮಾಡಿದ. ನಾನು ಒಂದು ಹೊತ್ತು ಉಂಡರೆ ಸಾಕು, ಅದನ್ನೂ ಅವಳಿಗೇ ಹಾಕು ಎಂದ. ಆಕೆ ಒಪ್ಪಲಿಲ್ಲ. “ಕೊಪ್ಪರಿಗೆ ಎತ್ತೋ ತೋಳು ನಿಮ್ಮದು. ಅದು ಸೋತರೆ ಅವಳಿಗೆ ಒಂದು ಹೊತ್ತೂ ಇಲ್ಲ” ಎಂದಳು. ಕೊನೆಗೆ ಉಳಿದ ಚೂರನ್ನು ಯಾವ ಹೆಸರೂ ಹೇಳದೆ ಬೇರೆ ಇಟ್ಟಳು. ಕೇಳಿದರೆ ಅದು ಹೆಪ್ಪು ಎನ್ನುತ್ತಿದ್ದಳು. ಎಷ್ಟೇ ಜನ ಉಣ್ಣಲು ಬಂದರೂ ಹೆಪ್ಪಿಗೆ ಒಂದು ಚಮಚ ಮಜ್ಜಿಗೆ ಉಳಿಸದ ಹೆಂಗಸು ಉಂಟೇ?

ಆಕೆ ಇನ್ನೂ ಒಂದು ಕೆಲಸ ಮಾಡಿದಳು. ನನಗೆ ಅದೇ ದೊಡ್ಡದಾಗಿ ಕಾಣುತ್ತದೆ. ಮಗಳನ್ನು ಎದುರಿಗೆ ಕೂರಿಸಿಕೊಂಡು ಎಲ್ಲವನ್ನೂ ಹೇಳಿದಳು. ಅಪ್ಪನ ದುಡಿಮೆ ಇಷ್ಟು, ಈ ಈ ತಿಂಗಳು ಮುಹೂರ್ತವಿಲ್ಲ, ನಿನ್ನ ಪಾಲು ಇಷ್ಟು ಎಂದು ಮುಚ್ಚುಮರೆಯಿಲ್ಲದೆ ಹೇಳಿದಳು. ನೆಂಟರು ಆಡಿಕೊಂಡರು. ಓದುವ ಮಗುವಿನ ತಲೆಗೆ ಮನೆಯ ತಾಪತ್ರಯ ತುಂಬುತ್ತಾರೆಯೇ ಎಂದರು. ಆಕೆ ಹೇಳಿದ ಉತ್ತರ ಇದು: “ಪಾತ್ರೇಲಿ ಎಷ್ಟಿದೆ ಅಂತ ಊಟಕ್ಕೆ ಕೂತವಳಿಗೆ ಗೊತ್ತಿದ್ದರೆ ತಾನೇ ಸಾಕು ಅನ್ನೋಕೆ ಬರೋದು?”

ಅಡಿಗೆಯವನಿಗೆ ಇದೆಲ್ಲ ಬಹಳ ಕಷ್ಟವಾಯಿತು. ಕೊಡುವುದು ಅವನಿಗೆ ಉಸಿರಾಡಿದಷ್ಟು ಸುಲಭ. ಕೈ ತಡೆದು ಕೊಡುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ವೈಶಾಖದಲ್ಲಿ ಜೇಬು ತುಂಬಿರುತ್ತಿತ್ತು. ಪೇಟೆಯಲ್ಲಿ ಮಗಳಿಗೊಪ್ಪುವ ಸೀರೆ ಕಣ್ಣಿಗೆ ಬೀಳುತ್ತಿತ್ತು. ಹೆಂಡತಿ ಬಿಡುತ್ತಿರಲಿಲ್ಲ. ಮನೆಯಲ್ಲಿ ಕೂಗಾಡುತ್ತಿದ್ದ. ಇವಳ ಹತ್ತಿರ ಹೇಳುವುದೂ ಒಂದೇ, ಸುಂಕದವನ ಹತ್ತಿರ ಸುಖ ದುಃಖ ಹೇಳಿಕೊಳ್ಳುವುದೂ ಒಂದೇ ಎಂದು ಬೀದಿಯಲ್ಲಿ ಹೇಳಿಕೊಂಡು ತಿರುಗಿದ. ಬೀದಿಯವರೂ ಬಿಡಲಿಲ್ಲ. ಎಂಜಲು ಕೈಯಲ್ಲಿ ಕಾಗೆ ಓಡಿಸದವಳು ಎಂದು ಆಕೆಗೆ ಹೆಸರಿಟ್ಟರು. ಆಕೆಯ ಕಿವಿಗೂ ಅದು ಬಿತ್ತು. ಆಕೆ ಪಾಲು ಮಾಡುವುದನ್ನು ಬಿಡಲಿಲ್ಲ. ಅಡಿಗೆಯವನನ್ನೂ ಮೆಚ್ಚಬೇಕು. ಎಷ್ಟು ಬೈದರೂ ಕೂಲಿಯನ್ನು ತಂದು ಆಕೆಯ ಕೈಗೇ ಕೊಡುತ್ತಿದ್ದ. ಒಂದು ಕಾಸನ್ನೂ ಮುಚ್ಚಿಡಲಿಲ್ಲ.

ನಾಲ್ಕನೆಯ ವರ್ಷದ ಶುಲ್ಕ ಕಟ್ಟಬೇಕಾಗಿತ್ತು. ಮಾಘದಲ್ಲೇ ಹೊಸ ಪಂಚಾಂಗ ಬಂತು. ವೈಶಾಖ, ಜ್ಯೇಷ್ಠ ಎರಡು ತಿಂಗಳೂ ಶುಕ್ರ ಅಸ್ತ. ಶುಕ್ರ ಮುಳುಗಿದರೆ ಮದುವೆ ಇಲ್ಲ. ವರ್ಷದ ದುಡಿಮೆಯ ಅರ್ಧ ಬರುವುದೇ ಆ ಎರಡು ತಿಂಗಳಲ್ಲಿ. ತಾಯಿ ಅದನ್ನೂ ಮಗಳಿಗೆ ಅವತ್ತೇ ತಿಳಿಸಿದಳು.

ವೈಶಾಖ ಬಂತು. ಚಪ್ಪರ ಏಳಲಿಲ್ಲ, ವಾಲಗ ಕೇಳಲಿಲ್ಲ. ಜ್ಯೇಷ್ಠವೂ ಹಾಗೆಯೇ ಕಳೆಯಿತು. ಶುಲ್ಕದ ಪಾಲಿನಲ್ಲಿ ಮೊದಲು ಕೂಡಿಟ್ಟದ್ದು ಅರ್ಧ ಇತ್ತು. ಹೆಪ್ಪನ್ನೂ ಅದಕ್ಕೆ ಸೇರಿಸಿದರು. ಇನ್ನೂ ಸಾಲದು. ಗಡುವು ಹತ್ತಿರ ಬರುತ್ತಿತ್ತು.

ಅಡಿಗೆಯವನು ದೊಡ್ಡ ಕೊಪ್ಪರಿಗೆಯನ್ನು ಅಂಗಳಕ್ಕೆ ಉರುಳಿಸಿ ಹುಣಸೆಹಣ್ಣು ಹಾಕಿ ಬೆಳಗತೊಡಗಿದ. ಅವನ ತಂದೆಯ ಕಾಲದ ತಾಮ್ರದ ಕೊಪ್ಪರಿಗೆ ಅದು. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. ಯಾಕೆ ಬೆಳಗುತ್ತಿದ್ದಾನೆ ಎಂದು ಕೇಳಲಿಲ್ಲ. ಅದನ್ನು ಮಾರಿದರೆ ಈ ವರ್ಷದ ಶುಲ್ಕ ತೀರುತ್ತದೆ. ಮುಹೂರ್ತ ತಿರುಗಿ ಬಂದಾಗ ಬೇಯಿಸಲು ಪಾತ್ರೆ ಇರುವುದಿಲ್ಲ. ಕೊನೆಯ ವರ್ಷದ ಶುಲ್ಕಕ್ಕೆ ದಾರಿಯೂ ಇರುವುದಿಲ್ಲ. ಇಬ್ಬರಿಗೂ ಅದು ಗೊತ್ತಿತ್ತು.

ಆ ಹೊತ್ತಿಗೆ ಮಗಳು ರಜೆಗೆಂದು ಊರಿಗೆ ಬಂದಳು. ಚೀಲ ಕೆಳಗಿಡುವ ಮೊದಲೇ ಅಂಗಳದಲ್ಲಿ ಹೊಳೆಯುವ ಕೊಪ್ಪರಿಗೆ ಕಂಡಿತು. ಅವಳಿಗೆ ಅರ್ಥವಾಯಿತು.

“ಅಪ್ಪಾ, ಇದನ್ನು ಮಾರಬೇಡ. ಮುಂದಿನ ಎರಡು ತಿಂಗಳು ನನ್ನ ಊಟಕ್ಕೆ ಏನೂ ಕಳಿಸಬೇಡಿ. ಅದನ್ನು ಫೀಸಿಗೆ ಸೇರಿಸಿ, ಸರಿ ಹೋಗುತ್ತೆ.”

“ಮತ್ತೆ ಉಪವಾಸ ಇರ್ತೀಯಾ?” ಎಂದು ತಂದೆ ಗದರಿದ.

“ಇಲ್ಲಪ್ಪ. ಶುಕ್ರ ಅಸ್ತ ಅಂತ ಅಮ್ಮ ಮಾಘದಲ್ಲೇ ಹೇಳಿದ್ದಳಲ್ಲ. ಅವತ್ತಿಂದ ನನ್ನ ಪಾಲಲ್ಲೇ ಸ್ವಲ್ಪ ಸ್ವಲ್ಪ ಎತ್ತಿಟ್ಟಿದೀನಿ. ಸಂಜೆ ಹೊತ್ತು ಮಕ್ಕಳಿಗೆ ಪಾಠ ಹೇಳಿಕೊಡ್ತಿದೀನಿ. ಎರಡು ತಿಂಗಳಿಗೆ ಆಗುತ್ತೆ. ನನಗೆ ಸಾಕು ಅಪ್ಪಾ.”

ಅಡಿಗೆಯವನ ಜೀವಮಾನದಲ್ಲಿ ಲಕ್ಷ ಜನ ಅವನಿಗೆ ಸಾಕು ಎಂದಿದ್ದರು. ಆ ಮಾತು ಅವನ ಕಿವಿಗೆ ಹೋದದ್ದು ಅವತ್ತು. ಹುಣಸೆಹಣ್ಣಿನ ಕೈಯಲ್ಲೇ ಕೊಪ್ಪರಿಗೆಯ ಅಂಚು ಹಿಡಿದುಕೊಂಡು ಅತ್ತುಬಿಟ್ಟ. ಆಮೇಲೆ ಎದ್ದು ಕೈ ತೊಳೆದುಕೊಂಡು ಹೆಂಡತಿಯ ಕಡೆ ತಿರುಗಿದ. ಅವತ್ತು ರಾತ್ರಿ ಮೂರು ಎಲೆ ಹಾಕಿ, ಹೆಂಡತಿಯನ್ನು ಕೂರಿಸಿ, ತಾನೇ ಬಡಿಸಿದ. ಆಕೆ ಕೈ ಅಡ್ಡ ಹಿಡಿದ ಕೂಡಲೇ ಸೌಟು ನಿಲ್ಲಿಸಿದ.

ಶುಲ್ಕ ಗಡುವಿನೊಳಗೆ ಕಟ್ಟಿಯಾಯಿತು. ಆಷಾಢ ಕಳೆದು ಶ್ರಾವಣದಲ್ಲಿ ಮದುವೆಗಳು ಬಂದವು, ಅದೇ ಕೊಪ್ಪರಿಗೆಯಲ್ಲಿ ಅನ್ನ ಬೆಂದಿತು. ಮಗಳು ಓದು ಮುಗಿಸಿದಳು. ಈಗ ಅವಳು ಹಟ್ಟಿಗೆ ಕಾಲಿಟ್ಟರೆ ಕಾಯಿಲೆಯ ದನ ಕಿವಿ ಎತ್ತುತ್ತದೆ ಎನ್ನುತ್ತಾರೆ ಆ ಕಡೆಯ ಜನ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು. “ದಾನಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ ಮಹಾಲಿಂಗಪ್ಪ. ಕೊಟ್ಟವರನ್ನು ಊರೇ ಹೊಗಳುತ್ತದೆ, ಶಾಲು ಹೊದಿಸುತ್ತದೆ. ಕೊಡಬೇಕು ಅನ್ನಿಸಿದಾಗಲೂ ಕೈ ತಡೆದುಕೊಂಡವರಿಗೆ ಸಿಗುವುದು ಬೈಗುಳ ಒಂದೇ. ಆ ಹೆಂಗಸನ್ನು ನೆನೆದರೆ ನನಗೆ ಕೈ ಮುಗಿಯಬೇಕು ಅನ್ನಿಸುತ್ತದೆ” ಎಂದರು.

ಮಹಾಲಿಂಗಪ್ಪನ ಕಣ್ಣು ಒದ್ದೆಯಾಗಿತ್ತು. ಶಲ್ಯದಿಂದ ಒರೆಸಿಕೊಂಡ. ಮೆಲ್ಲಗೆ ಕೇಳಿದ.

“ಕಟ್ಟಿಕೊಂಡ ಗಂಡನೇ ಹಾಗೆಲ್ಲ ಆಡಿದನಲ್ಲ ಬುದ್ಧಿ, ಅಷ್ಟು ವರ್ಷ ಆ ತಾಯಿ ಅದನ್ನು ಹೇಗೆ ಸಹಿಸಿಕೊಂಡಳೋ?”

“ಅದನ್ನು ಮನೆಗೆ ಹೋಗಿ ನಿನ್ನ ಹೆಂಡತಿಯನ್ನು ಕೇಳಪ್ಪಾ” ಎಂದರು ಗುರುಗಳು.