ಕುಂಕುಮ ಹಚ್ಚಿದ ಡಿಸ್ಕು

“ಗುರುಗಳೇ, ಹತ್ತು ವರ್ಷದಿಂದ ನೀವು ಹೇಳಿದ್ದನ್ನೆಲ್ಲ ಬರೆದು, ರೇಷ್ಮೆ ವಸ್ತ್ರದಲ್ಲಿ ಗಂಟು ಕಟ್ಟಿ ಇಟ್ಟಿದ್ದೇನೆ. ಇನ್ನು ನಾನು ಮರೆತರೂ ಭಯವಿಲ್ಲ, ಅಲ್ಲವೇ?”

ಕೇಳಿದವನು ಚೆನ್ನವೀರ. ಮಠದಲ್ಲಿ ಅವನಷ್ಟು ಅಚ್ಚುಕಟ್ಟಿನ ಶಿಷ್ಯ ಇನ್ನೊಬ್ಬನಿರಲಿಲ್ಲ. ಅದು ಅವನಿಗೂ ಗೊತ್ತಿತ್ತು. ಗುರುಗಳು ಶಹಬ್ಬಾಸ್ ಎನ್ನುತ್ತಾರೆಂದು ಕಾದ. ಅವರು ಕತೆ ಶುರುಮಾಡಿದರು.

ಒಂದೂರಿನಲ್ಲಿ ಒಬ್ಬ ದರ್ಜಿ. ಅವನ ಮನೆಯಲ್ಲೊಂದು ಕಂಪ್ಯೂಟರ್. ತೀರಿಹೋದ ತಾಯಿಯ ದನಿಯಲ್ಲಿ ನಲವತ್ತು ಬೀಸುವ ಕಲ್ಲಿನ ಪದಗಳು ಅದರೊಳಗಿದ್ದವು. ದರ್ಜಿಗೆ ಅವೆಂದರೆ ಪ್ರಾಣ. ಯಂತ್ರ ಸವೆದೀತೆಂದು ಅವನ್ನು ಹಾಕಿ ಕೇಳುತ್ತಲೂ ಇರಲಿಲ್ಲ.

ಯಂತ್ರವೆಂದ ಮೇಲೆ ಒಂದಲ್ಲ ಒಂದು ದಿನ ಕೈಕೊಡುತ್ತದೆ ಎಂದು ರಿಪೇರಿಯವನು ಎಚ್ಚರಿಸಿದ. ದರ್ಜಿ ಅಂದೇ ಎರಡು ಡಿಸ್ಕು ಮಾಡಿಸಿದ. ಒಂದು, ಕೆಟ್ಟ ಕಂಪ್ಯೂಟರನ್ನು ಮತ್ತೆ ಎಬ್ಬಿಸುವುದಕ್ಕೆ. ಇನ್ನೊಂದರಲ್ಲಿ ತಾಯಿಯ ಹಾಡು. ಪಕ್ಕದ ಬೀದಿಯ ತಂಗಿ ಅವ್ವನ ಹಾಡು ನನಗೂ ಬೇಕೆಂದು ಹಟ ಹಿಡಿದಳು. ಅವಳಿಗೂ ಒಂದು ಮಾಡಿಸಿಕೊಟ್ಟ.

ತನ್ನ ಡಿಸ್ಕುಗಳಿಗೆ ದರ್ಜಿ ಮಕಮಲ್ಲಿನ ಚೀಲ ಹೊಲಿದ. ಚೀಲವನ್ನು ದೇವರ ಕೋಣೆಯಲ್ಲಿಟ್ಟ. ಆಯುಧಪೂಜೆಯ ದಿನ ಕತ್ತರಿಗೆ, ಹೊಲಿಗೆ ಯಂತ್ರಕ್ಕೆ ಪೂಜೆಯಾದ ಮೇಲೆ ಡಿಸ್ಕುಗಳಿಗೂ ಆಯಿತು. ಹೊಳೆಯುವ ಕಡೆಯೇ ಮುಖವೆಂದು ತಿಳಿದು, ಅಲ್ಲಿಗೇ ಗಂಧ, ಅರಿಸಿನ, ಕುಂಕುಮ ಹಚ್ಚಿದ. ಮರುವರ್ಷವೂ ಹಚ್ಚಿದ. ಅದರ ಮರುವರ್ಷವೂ ಬಿಡಲಿಲ್ಲ ಪುಣ್ಯಾತ್ಮ.

“ಒಂದು ಸಲ ಹಾಕಿ ನೋಡಬಾರದೇನ್ರೀ? ಹಾಡುತ್ತದೋ ಇಲ್ಲವೋ ಗೊತ್ತಾಗುತ್ತದೆ,” ಎಂದಳು ಹೆಂಡತಿ.

“ದೇವರ ಕೋಣೆಯಲ್ಲಿ ಕೂತದ್ದನ್ನು ಪರೀಕ್ಷೆ ಮಾಡುತ್ತಾಳಂತೆ ಇವಳು,” ಎಂದು ದರ್ಜಿ ನಕ್ಕ.

ತಂಗಿಯ ಮನೆಯ ರೀತಿಯೇ ಬೇರೆ. ಬೆಳಿಗ್ಗೆ ರೊಟ್ಟಿ ತಟ್ಟಲು ಕೂತಳೆಂದರೆ ಅವ್ವನ ಹಾಡು ಶುರುವಾಗಬೇಕು. ಒಂದು ದಿನ ಅವಳ ಡಿಸ್ಕು ಏಳನೇ ಹಾಡಿನಲ್ಲಿ ತಡವರಿಸಿತು. ಅವಳು ಅಣ್ಣನನ್ನು ಕಾಡಿ ಹೊಸದು ಮಾಡಿಸಿಕೊಂಡಳು. “ಹಾಡಿಸಿ ಹಾಡಿಸಿ ಹಾಳುಮಾಡಿದೆ. ನನ್ನದನ್ನು ನೋಡು, ಮುಟ್ಟಿಯೇ ಇಲ್ಲ,” ಎಂದು ದರ್ಜಿ ಬೈದು ಕಳಿಸಿದ.

ನಾಲ್ಕನೇ ವರ್ಷ ಕಂಪ್ಯೂಟರ್ ಕಣ್ಣು ಮುಚ್ಚಿತು. ದರ್ಜಿ ಹೆದರಲಿಲ್ಲ. ಸ್ನಾನಮಾಡಿ, ಮಕಮಲ್ಲಿನ ಚೀಲ ತಂದು ರಿಪೇರಿಯವನ ಕೈಗಿಟ್ಟ. ಡಿಸ್ಕಿನ ಮೇಲೆ ಗಂಧ ಗಟ್ಟಿಯಾಗಿ ಕೂತಿತ್ತು. ಉಜ್ಜಿದರೆ ಗೀರುಬಿತ್ತು. ಒಂದನ್ನು ಹಾಕಿದ, ಯಂತ್ರ ಹೊರಗೆ ನೂಕಿತು. ಇನ್ನೊಂದನ್ನೂ ನೂಕಿತು.

“ಯಂತ್ರ ಎಬ್ಬಿಸುವ ಡಿಸ್ಕು ನನ್ನ ಹತ್ತಿರವೂ ಇದೆ ಯಜಮಾನರೇ. ಒಳಗಿದ್ದ ಹಾಡೆಲ್ಲ ಅಳಿಸಿಹೋಗಿದೆ, ಅದನ್ನು ಎಲ್ಲಿಂದ ತರಲಿ?” ಎಂದ ರಿಪೇರಿಯವನು.

ದರ್ಜಿ ಖಾಲಿ ಚೀಲವನ್ನು ಎದೆಗೊತ್ತಿಕೊಂಡ. ಅವ್ವ ಎರಡನೇ ಸಲ ತೀರಿಕೊಂಡಳು ಎಂದು ಅತ್ತುಬಿಟ್ಟ. ಹೆಂಡತಿ ಪಕ್ಕದ ಬೀದಿಗೆ ಹೋದಳು.

ತಂಗಿ ಹಿಟ್ಟಿನ ಕೈಯಲ್ಲೇ ಬಂದಳು. ಯಂತ್ರ ಎದ್ದಿತು. ಅವಳ ಡಿಸ್ಕನ್ನು ಹಾಕಿದರು. ನಲವತ್ತಕ್ಕೆ ನಲವತ್ತೂ ಬಂದವು. ಏಳನೇ ಹಾಡಿನ ನಡುವೆ ತಾಯಿ ಹಾಡು ನಿಲ್ಲಿಸಿ, “ಸುಮ್ಮನೆ ಕೂತಿದ್ದೀಯಲ್ಲೋ, ನೀನೂ ಸೊಲ್ಲು ಸೇರಿಸಬಾರದೇ?” ಎಂದು ಮಗನನ್ನು ಗದರಿದ್ದಳು. ದರ್ಜಿಗೆ ಅದು ಮರೆತೇಹೋಗಿತ್ತು. ತಂಗಿಗೆ ಬಾಯಿಪಾಠವಾಗಿತ್ತು. ಕಣ್ಣೊರೆಸಿಕೊಳ್ಳುತ್ತಲೇ ಅವನು ಸೊಲ್ಲು ಸೇರಿಸಿದ. ರಾಗ ಎತ್ತಲೋ ಹೋಯಿತು, ಎಲ್ಲರೂ ನಕ್ಕರು.

ಗುರುಗಳು ಕತೆ ಮುಗಿಸಿದರು. ಚೆನ್ನವೀರನಿಗೆ ನಗು ತಡೆಯಲಾಗಲಿಲ್ಲ.

“ಎಂಥ ಪೆದ್ದ, ಗುರುಗಳೇ. ಡಿಸ್ಕಿಗೆ ಯಾರಾದರೂ ಕುಂಕುಮ ಹಚ್ಚುತ್ತಾರೆಯೇ?”

ಗುರುಗಳೂ ಅವನ ಜೊತೆ ಮನಸಾರೆ ನಕ್ಕರು. ಆಮೇಲೆ ಕೇಳಿದರು.

“ನಿನ್ನ ರೇಷ್ಮೆ ಗಂಟನ್ನು ಕೊನೆಯ ಸಲ ಬಿಚ್ಚಿದ್ದು ಯಾವಾಗಪ್ಪಾ?”

ಚೆನ್ನವೀರನ ನಗು ನಿಂತಿತು. ಎದ್ದು ಹೋಗಿ ಗಂಟು ತಂದು, ಬಿಚ್ಚಲು ಕೂತ.