ಬೆಲ್ಲದ ವ್ಯಾಪಾರಿ ಗರಡಿ ಹುಡುಕಿದ್ದು

"ಗುರುಗಳೇ, ನಮ್ಮೂರಲ್ಲಿ ಈಗ ಮೂರು ಗರಡಿ ಆಗಿವೆ. ಒಂದರಲ್ಲಿ ಕುಸ್ತಿ, ಒಂದರಲ್ಲಿ ಕೋಲು, ಇನ್ನೊಂದರಲ್ಲಿ ಬರಿಗೈ ಹೊಡೆದಾಟ. ನನ್ನ ಮಗನನ್ನ ಯಾವುದಕ್ಕೆ ಸೇರಿಸಲಿ? ನಾನೂ ಸೇರಬೇಕು ಅಂತಿದ್ದೀನಿ. ಈ ವಯಸ್ಸಿಗೆ ಯಾವುದು ಒಗ್ಗುತ್ತೆ?"

ಹೀಗೆ ಕೇಳಿದವನು ತಿಪ್ಪೇಶ. ಆಗಾಗ ಬಂದುಹೋಗುವ ಶಿಷ್ಯ. ಹಿಂದಿನ ದಿನ ಬೀದಿಯ ಹುಡುಗರು ಅವನ ಮಗನನ್ನು ಹೊಡೆದು, ಅಂಗಿ ಹರಿದು ಕಳಿಸಿದ್ದರು. ತಿಪ್ಪೇಶನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಕೂತುಕೋ ಎಂದರೆ ಕೂರಲಿಲ್ಲ.

"ಸರಿ, ನಿಂತೇ ಕೇಳು" ಎಂದು ಗುರುಗಳು ಕತೆ ಎತ್ತಿಕೊಂಡರು.

ಒಂದೂರಿನಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಮಾರುವುದು ಬೆಲ್ಲವಾದರೂ ನಾಲಿಗೆಗೆ ಅದರ ಸೋಂಕಿರಲಿಲ್ಲ. ಸಿಟ್ಟು ಸದಾ ಮೂಗಿನ ತುದಿಯಲ್ಲೇ ಇರುತ್ತಿತ್ತು. ತಕ್ಕಡಿ ಓಲಾಡಿದರೆ ತಕ್ಕಡಿಗೆ ಬೈಯುತ್ತಿದ್ದ. ಬೆಲ್ಲದ ಮೇಲೆ ನೊಣ ಕೂತರೆ ನೊಣದ ವಂಶಕ್ಕೆಲ್ಲ ಬೈಯುತ್ತಿದ್ದ. ಹೆಂಡತಿ ತೀರಿಕೊಂಡಿದ್ದಳು. ಹನ್ನೆರಡು ವರ್ಷದ ಒಬ್ಬ ಮಗಳಿದ್ದಳು. ಅವಳೇ ಅಡುಗೆ ಮಾಡಿ ಮಧ್ಯಾಹ್ನ ಅಂಗಡಿಗೆ ಬುತ್ತಿ ತರುತ್ತಿದ್ದಳು. ಮನೆಯಲ್ಲಿ ತನ್ನವರು ಎಂದು ಅವನಿಗೆ ಇದ್ದದ್ದು ಅವಳೊಬ್ಬಳೇ. ಅವಳೆಂದರೆ ಅವನಿಗೆ ಪ್ರಾಣ. ಇದು ಸುಳ್ಳಲ್ಲ.

ಒಂದು ದಿನ ಬುತ್ತಿಯ ಹೊತ್ತು ಮೀರಿತು. ಹೊಟ್ಟೆ ಚುರುಗುಟ್ಟುತ್ತಿದ್ದಂತೆ ವ್ಯಾಪಾರಿ ಬೀದಿಯ ಕಡೆ ನೋಡಿ ನೋಡಿ ಹಲ್ಲು ಕಡಿಯುತ್ತಿದ್ದ. ಕೊನೆಗೆ ಮಗಳು ಬರಿಗೈಯಲ್ಲಿ ಬಂದಳು. ತುಟಿ ಒಡೆದಿತ್ತು. ಸಂತೆಬೀದಿಯ ಪುಂಡರು ಅವಳ ಜಡೆ ಹಿಡಿದು ಎಳೆದು, ಬುತ್ತಿ ಕಸಿದುಕೊಂಡು ಮಣ್ಣಿಗೆ ಚೆಲ್ಲಿದ್ದರು.

ವ್ಯಾಪಾರಿಯ ಮೈಯೆಲ್ಲ ಉರಿದುಹೋಯಿತು. ಪುಂಡರು ಎದುರಿಗಿರಲಿಲ್ಲ. ಮಗಳು ಎದುರಿಗಿದ್ದಳು. ಕೈ ಬೀಸಿ ಅವಳ ಕೆನ್ನೆಗೆ ಒಂದು ಬಿಟ್ಟ.

"ಹೊಡೆಸ್ಕೊಂಡು ಬಂದಿದ್ದೀಯಲ್ಲ, ನಾಚಿಕೆ ಆಗಲ್ವಾ? ತಿರುಗಿ ಒಂದು ಕೊಡೋಕೆ ನಿನಗೆ ಕೈ ಇರಲಿಲ್ವಾ?"

ಇದು ನಮ್ಮ ಮನೆಗಳ ಪದ್ಧತಿ. ಬೀದಿಯಲ್ಲಿ ಪೆಟ್ಟು ತಿಂದು ಬಂದ ಮಗುವಿಗೆ ಮನೆಯಲ್ಲಿ ಇನ್ನೊಂದು ಪೆಟ್ಟು ಕಾದಿರುತ್ತದೆ. ಇದನ್ನು ಯಾರು ಶುರುಮಾಡಿದರೋ, ಅವರ ಮುಖಕ್ಕಿಷ್ಟು ಮಸಿ.

ಅಂದೇ ವ್ಯಾಪಾರಿ ತೀರ್ಮಾನ ಮಾಡಿದ. ಇನ್ನು ಮುಂದೆ ಯಾರೂ ತನ್ನ ಮಗಳ ಮೇಲೆ ಕೈ ಎತ್ತಬಾರದು. ಎತ್ತಿದ ಕೈ ಮುರಿಯಬೇಕು. ಮರುದಿನ ಅಂಗಡಿಗೆ ಬೀಗ ಜಡಿದು, ಮಗಳನ್ನು ಕರೆದುಕೊಂಡು ಗರಡಿ ಹುಡುಕಲು ಹೊರಟ.

ಮೊದಲು ಕೋಲು ಕಲಿಸುವ ಒಬ್ಬ ಮುದುಕನಲ್ಲಿಗೆ ಹೋದ. ಮುದುಕ ಹುಡುಗಿಯನ್ನು ಎದುರಿಗೆ ನಿಲ್ಲಿಸಿ, ಸುಮ್ಮನೆ, ನಿಧಾನವಾಗಿ ಕೋಲನ್ನು ಮೇಲೆತ್ತಿದ. ಕೋಲು ಭುಜದ ಎತ್ತರಕ್ಕೆ ಬರುವ ಮೊದಲೇ ಹುಡುಗಿ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು. ಮುದುಕ ಕೋಲನ್ನು ಇಳಿಸಿ ಗೋಡೆಗೆ ಒರಗಿಸಿಟ್ಟ.

"ಇವಳು ಮೊದಲು ಕಣ್ಣು ತೆರೆದು ನಿಲ್ಲೋದು ಕಲೀಬೇಕು. ಒಂದು ವರ್ಷ ಹಿಡಿಯುತ್ತೆ."

"ಕಣ್ಣು ತೆರೆಯೋಕೆ ಒಂದು ವರ್ಷವಾ? ನಾಯಿಮರಿ ಎರಡು ವಾರಕ್ಕೆ ತೆರೆಯುತ್ತಯ್ಯಾ!" ಎಂದು ವ್ಯಾಪಾರಿ ಬಾಯಿಗೆ ಬಂದಂತೆ ಬೈದು, ಮಗಳ ಕೈ ಹಿಡಿದು ಎಳೆದುಕೊಂಡು ಹೊರಬಿದ್ದ.

ಆಮೇಲೆ ಕುಸ್ತಿಯ ಗರಡಿಗೆ ಹೋದ. ಅಲ್ಲಿ ಉಸ್ತಾದನೂ ಹುಡುಗರೂ ಸೇರಿ ಅಖಾಡದ ಕೆಮ್ಮಣ್ಣನ್ನು ಅಗೆದು ಸಡಿಲ ಮಾಡುತ್ತಿದ್ದರು. ಉಸ್ತಾದ ಗುದ್ದಲಿ ಕೆಳಗಿಟ್ಟು ಬಂದ. ಇದುವರೆಗೆ ಹೆಣ್ಣುಮಕ್ಕಳನ್ನು ಸೇರಿಸಿಕೊಂಡಿಲ್ಲ, ಇವಳಿಂದಲೇ ಶುರುವಾಗಲಿ ಎಂದ. ಮೊದಲ ಆರು ತಿಂಗಳು ಪೆಟ್ಟಾಗದಂತೆ ಬೀಳುವುದನ್ನು ಕಲಿಸುತ್ತೇನೆ ಎಂದ. ವ್ಯಾಪಾರಿಗೆ ನಗಬೇಕೋ ಉಗಿಯಬೇಕೋ ತಿಳಿಯಲಿಲ್ಲ. ಮಗಳು ಬಿದ್ದಿದ್ದಾಳೆ ಎಂದೇ ಅಲ್ಲವೇ ಅವನು ಇಲ್ಲಿಗೆ ಬಂದದ್ದು! ಗೆಲ್ಲುವುದನ್ನು ಕಲಿಸು ಎಂದು ಬಂದವನಿಗೆ ಬೀಳುವ ಪಾಠವೇ? ಅಲ್ಲಿಂದಲೂ ಕಾಲು ಅಪ್ಪಳಿಸಿಕೊಂಡು ಹೊರಟ.

ಮೂರನೆಯ ಗರಡಿಯ ಬಾಗಿಲಲ್ಲಿ ದೊಡ್ಡ ಫಲಕವಿತ್ತು. ಒಳಗೆ ಹುಡುಗರು ಮುಷ್ಟಿಯಿಂದ ಹೆಂಚು ಒಡೆಯುತ್ತಿದ್ದರು. ಅಲ್ಲಿಯ ಉಸ್ತಾದ ಹುಡುಗಿಯ ಮುಖವನ್ನೇ ನೋಡಲಿಲ್ಲ. ವ್ಯಾಪಾರಿಯನ್ನು ನೋಡಿ ಒಂದೇ ಮಾತು ಕೇಳಿದ.

"ಯಾರಿಗೆ ಹೊಡೀಬೇಕು?"

ವ್ಯಾಪಾರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅಬ್ಬ, ಕೊನೆಗೂ ತನ್ನ ಭಾಷೆ ಮಾತಾಡುವ ಒಬ್ಬ ಗಂಡಸು ಸಿಕ್ಕಿದ! ಮಗಳನ್ನು ಅಲ್ಲೇ ಸೇರಿಸಿದ. ಆ ಗರಡಿಯಲ್ಲಿ ಚಿಕ್ಕವರೂ ದೊಡ್ಡವರೂ ಒಂದೇ ಸಾಲಿನಲ್ಲಿ ಕಲಿಯುತ್ತಿದ್ದರು. ಹಾಗಾಗಿ ತಾನೂ ಸೇರಿದ. ಅಪ್ಪ ಪಕ್ಕದಲ್ಲಿದ್ದರೆ ಮಗಳಿಗೆ ಧೈರ್ಯ ಬರುತ್ತದೆ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ.

ಹುಡುಗಿ ಚುರುಕು. ಬೇಗ ಕಲಿತಳು. ವರ್ಷ ತುಂಬುವುದರೊಳಗೆ ತನಗಿಂತ ಒಂದು ಗೇಣು ಎತ್ತರದವರ ಏಟನ್ನು ಗಾಳಿಯಲ್ಲೇ ತಡೆಯುತ್ತಿದ್ದಳು. ಒಂದು ದಿನ ಸಂತೆಬೀದಿಯ ಪುಂಡರು ಮತ್ತೆ ಅವಳ ಜಡೆಗೆ ಕೈ ಹಾಕಿದರು. ಹಾಕಿದವನು ಮೂಗು ಹಿಡಿದುಕೊಂಡು ಓಡಿದ. ಉಳಿದವರು ಅವನಿಗಿಂತ ಮುಂದೆ ಓಡಿದರು. ವ್ಯಾಪಾರಿ ಅಂದು ಬೀದಿಯ ಮನೆಮನೆಗೂ ಬೆಲ್ಲ ಹಂಚಿದ. ಬೆಲೆ ಕೇಳದೆ ಅವನು ಬೆಲ್ಲ ಕೊಟ್ಟದ್ದನ್ನು ಊರು ಅದೇ ಮೊದಲು ಕಂಡದ್ದು.

ಕತೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಮನೆಯಲ್ಲಿ ಸಾರಿಗೆ ಉಪ್ಪು ಒಂದು ಹರಳು ಹೆಚ್ಚಾಗುತ್ತಿತ್ತು. ಅಂಗಡಿಯ ಬೀಗದಕೈ ಇಟ್ಟ ಜಾಗದಲ್ಲಿ ಇರುತ್ತಿರಲಿಲ್ಲ. ವ್ಯಾಪಾರಿಯ ಕೈ ಏಳುತ್ತಿತ್ತು. ಊರ ಪುಂಡರನ್ನು ಓಡಿಸಿದ ಆ ಹುಡುಗಿ ಆಗ ಬೆರಳೂ ಎತ್ತುತ್ತಿರಲಿಲ್ಲ. ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದಳು. ಇದನ್ನು ಕಂಡು ವ್ಯಾಪಾರಿಗೆ ನಾಚಿಕೆಯಾಯಿತೇ? ಇಲ್ಲ. ಸಿಟ್ಟು ಇನ್ನಷ್ಟು ಏರಿತು. ಇಷ್ಟು ದಿನ ಕಲಿತರೂ ಒಂದು ಏಟು ತಡೆಯಲು ಬಾರದೇ? ಆ ಉಸ್ತಾದ ತನಗೆ ಮೋಸ ಮಾಡಿದ್ದಾನೆ ಎಂದೇ ಅವನಿಗೆ ಅನ್ನಿಸಿತು.

ಮಗಳನ್ನು ಎಳೆದುಕೊಂಡು ನೇರ ಗರಡಿಗೆ ಹೋಗಿ ಉಸ್ತಾದನ ಮೇಲೆ ಹಾರಾಡಿದ. ಉಸ್ತಾದನೂ ಏನು ಕಡಿಮೆಯವನಲ್ಲ.

"ನನ್ನ ಪಾಠದಲ್ಲಿ ಕೊರತೆ ಇಲ್ಲ. ಬೇಕಾದರೆ ನೀನೇ ಅವಳ ಎದುರಿಗೆ ನಿಂತು ಹೊಡೆದು ನೋಡು" ಎಂದ.

ಎಲ್ಲರೂ ಸುತ್ತ ಸೇರಿದರು. ಅಪ್ಪ ಮಗಳು ಎದುರುಬದುರು ನಿಂತರು. "ತಡಿ! ಕೈ ಎತ್ತು!" ಎಂದು ಕೂಗುತ್ತಲೇ ವ್ಯಾಪಾರಿ ಹೊಡೆದ. ಅವಳು ಕೈ ಎತ್ತಲಿಲ್ಲ. ಮತ್ತೆ ಹೊಡೆದ. ಎತ್ತಲಿಲ್ಲ. ಇಷ್ಟು ಜನರ ಮುಂದೆ ಮಾನ ಹೋಗುತ್ತಿದೆ ಎಂದು ಅವನ ಕಣ್ಣು ಕೆಂಪಾದವು. ಮೂರನೆಯ ಏಟಿಗೆ ಹುಡುಗಿ ನೆಲಕ್ಕೆ ಬಿದ್ದಳು.

"ಊರವರಿಗೆಲ್ಲ ಹೊಡೀತೀಯ, ನನ್ನ ಕೈ ತಡೆಯೋಕೆ ಏನು ರೋಗ ನಿನಗೆ?"

ಹುಡುಗಿ ಎದ್ದು ಕೂತಳು. ಅಳಲಿಲ್ಲ.

"ಅವರು ಹೊಡೆದರೆ ಮನೆಗೆ ಓಡಿ ಬರಬಹುದು ಅಪ್ಪ. ನೀನು ಹೊಡೆದರೆ ಎಲ್ಲಿಗೆ ಓಡಲಿ?"

ವ್ಯಾಪಾರಿ ಬಾಯಿ ತೆರೆದ. ಯಾವಾಗಲೂ ತಾವಾಗಿಯೇ ನುಗ್ಗಿ ಬರುತ್ತಿದ್ದ ಬೈಗುಳಗಳಲ್ಲಿ ಒಂದೂ ಬರಲಿಲ್ಲ. ಸಮಾಧಾನದ ಮಾತು ಆಡೋಣವೆಂದರೆ ಅವನಿಗೆ ಅದು ಗೊತ್ತೇ ಇರಲಿಲ್ಲ. ತಲೆ ತಗ್ಗಿಸಿ ಅಂಗಡಿಗೆ ಹೋಗಿ ಕೂತ.

ಸಂಜೆ ಮನೆಗೆ ಬಂದರೆ ಒಲೆ ಹೊತ್ತಿರಲಿಲ್ಲ. ಹುಡುಗಿ ಪಕ್ಕದ ಊರಿನಲ್ಲಿದ್ದ ತಾಯಿಯ ತಾಯಿಯ ಮನೆಗೆ ಒಬ್ಬಳೇ ನಡೆದು ಹೋಗಿದ್ದಳು. ಎಲ್ಲಿಗೆ ಓಡಲಿ ಎಂದು ಕೇಳಿದ್ದಳಲ್ಲ, ಉತ್ತರವನ್ನು ತಾನೇ ಕಂಡುಕೊಂಡಿದ್ದಳು.

ಒಂದು ವಾರ ವ್ಯಾಪಾರಿ ಬಿಗುಮಾನದಿಂದ ಕೂತ. ಆಮೇಲೆ ತಡೆಯಲಾಗಲಿಲ್ಲ. ಅಂಗಡಿಯಲ್ಲಿದ್ದ ಒಳ್ಳೆಯ ಬೆಲ್ಲ ಆರಿಸಿ ಗಂಟು ಕಟ್ಟಿ, ಹೆಗಲಿಗೇರಿಸಿಕೊಂಡು ಅತ್ತೆಯ ಮನೆಗೆ ನಡೆದ. ಮಗಳು ಬಾಗಿಲಿಗೆ ಬಂದಳು. ಅಪ್ಪನನ್ನು ಕಂಡು ಅವಳ ಮುಖ ಅರಳಿದ್ದೂ ನಿಜ. ವ್ಯಾಪಾರಿ ಹೆಗಲ ಗಂಟನ್ನು ಇಳಿಸಲು ಕೈ ಎತ್ತಿದ. ಅಷ್ಟೇ. ಅವಳ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡವು.

ಅಜ್ಜಿ ಬಂದು ಅಳಿಯನ ಮುಖ ನೋಡಿದಳು. ಮೊಮ್ಮಗಳ ಭುಜ ಬಳಸಿ ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡಳು.

ವ್ಯಾಪಾರಿ ಗಂಟನ್ನು ಜಗಲಿಯ ಮೇಲಿಟ್ಟು ಹಿಂದಿರುಗಿದ. ದಾರಿಯುದ್ದಕ್ಕೂ ಬೈದ. ಪುಂಡರನ್ನಲ್ಲ, ಉಸ್ತಾದನನ್ನಲ್ಲ, ಮಗಳನ್ನಲ್ಲ. ಜನ್ಮದಲ್ಲಿ ಮೊದಲ ಸಲ ಅವನ ಸಿಟ್ಟಿಗೆ ಸರಿಯಾದ ಆಸಾಮಿ ಸಿಕ್ಕಿದ್ದ. ಸಿಗುವಷ್ಟರಲ್ಲಿ ಮನೆ ಖಾಲಿಯಾಗಿತ್ತು.

ಗುರುಗಳು ನಿಲ್ಲಿಸಿದರು. ಅವರ ಮುಖದಲ್ಲಿ ಕತೆ ಹೇಳಿ ಮುಗಿಸಿದವರ ನೆಮ್ಮದಿ ಇರಲಿಲ್ಲ. ತಿಪ್ಪೇಶ ಆ ವ್ಯಾಪಾರಿಯ ಮೇಲೆ ಕುದಿಯುತ್ತಿದ್ದ.

"ಅವನು ಮನುಷ್ಯನಾ ಗುರುಗಳೇ? ಮೃಗ! ನಾನೇನೂ ಹಾಗಲ್ಲಪ್ಪ. ನನ್ನ ಮಗನಿಗೆ ನಾನು ಕೊಡೋದು ಎಲ್ಲೋ ಒಂದೆರಡು ಏಟು. ನಿನ್ನೆ ಕೊಟ್ಟಿದ್ದೂ ಅಷ್ಟೇ, ಬುದ್ಧಿ ಬರಲಿ ಅಂತ."

ಗುರುಗಳು ಅವನನ್ನೇ ದಿಟ್ಟಿಸಿದರು.

"ಊರಿನ ಯಾವ ಗರಡಿಯಾದರೂ ಆದೀತು ತಿಪ್ಪೇಶ, ಮೊದಲು ನಿನ್ನ ಮನೆಯಲ್ಲಿ ನಡೆಯುತ್ತಿರುವ ಗರಡಿಯನ್ನು ಮುಚ್ಚು."